ಸಪುರ ಆದ ವರ್ಷ

ನನ್ನ ಕೈಗಡಿಯಾರದ ಚರ್ಮದ ಪಟ್ಟಿಯಲ್ಲಿ ಆರು ತೂತುಗಳಿದ್ದವು. ಆರನೆಯದನ್ನು ನಾನೇ ಮಾಡಿದ್ದು, ದಬ್ಬಣವನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿ. ಯಾವಾಗಲೂ ಮೂರನೆಯ ತೂತಿನಲ್ಲಿ ಕೂರುತ್ತಿದ್ದ ಗಡಿಯಾರ ಎರಡೇ ತಿಂಗಳಲ್ಲಿ ಐದನೆಯದಕ್ಕೆ ಬಂದು, ಅಲ್ಲೂ ನಿಲ್ಲದೆ ಮಣಿಕಟ್ಟಿನ ಸುತ್ತ ತಿರುಗತೊಡಗಿತ್ತು. ನನಗೆ ಹೆದರಿಕೆಯಾಗಲಿಲ್ಲ. ಸುಟ್ಟ ಚರ್ಮದ ವಾಸನೆ ಅಡುಗೆಮನೆ ತುಂಬಿದಾಗ ನಾನು ಒಬ್ಬಳೇ ನಗುತ್ತಿದ್ದೆ.

ಆಗ ನನಗೆ ಇಪ್ಪತ್ತೈದು. ಬೈಂದೂರಿನ ಕಡೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಮರವಂತೆಯಲ್ಲಿ. ಅಪ್ಪ ಮೀನುಗಾರಿಕೆ ಬೋಟಿನಲ್ಲಿ ದುಡಿಯುವವರು, ವರ್ಷದ ಹೆಚ್ಚು ದಿನ ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಅಮ್ಮ ಇಪ್ಪತ್ತೆರಡು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಈಗ ಮೊಣಕಾಲು ನೋವೆಂದು ಮನೆಯಲ್ಲೇ ಒಣಮೀನಿನ ವ್ಯಾಪಾರ ಮಾಡುತ್ತಾಳೆ.

ಎಂಎಸ್ಸಿ ಮುಗಿಸಿ ಬಂದಾಗ ನನ್ನ ತೂಕ ಎಪ್ಪತ್ತೆರಡು ಕಿಲೋ. ದೀಪಾವಳಿ ಕಳೆದ ಮೇಲೆ ದಿನವೂ ಬೆಳಿಗ್ಗೆ ಕಡಲ ಬದಿಯಲ್ಲಿ ಅರ್ಧ ಗಂಟೆ ನಡೆಯಲು ಶುರು ಮಾಡಿದೆ, ರಾತ್ರಿ ಅನ್ನ ಬಿಟ್ಟೆ. ಫೆಬ್ರವರಿಯ ಕೊನೆಗೆ ಐವತ್ತೆಂಟು ಕಿಲೋ ಆಗಿದ್ದೆ.

ನಮ್ಮ ಕಡೆ ತೆಳ್ಳಗಿದ್ದರೆ ಸಪುರ, ದಪ್ಪಗಿದ್ದರೆ ತೋರ. ಹೇಗಿದ್ದೀರಿ ಎಂದು ಕೇಳುವ ಮೊದಲೇ ಎದುರಿಗಿರುವವರು ಸಪುರವೋ ತೋರವೋ ಎಂಬುದು ತೀರ್ಮಾನವಾಗಿ, ಬಾಯಿಗೂ ಬಂದಿರುತ್ತದೆ. ಇಪ್ಪತ್ತೈದು ವರ್ಷ ನಾನು ಎರಡನೆಯ ಪದವನ್ನೇ ಕೇಳಿ ಬೆಳೆದವಳು. ಈಗ ಬಸ್ ನಿಲ್ದಾಣದಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಮೊದಲನೆಯದು ಕೇಳಿಸತೊಡಗಿತು.

"ಹ್ವಾಯ್ ಟೀಚರ್, ಎಂತ ಸಪುರ ಆದ್ರಿ ಮಾರಾಯ್ತಿ! ಎಂತ ತಿಂತ್ರಿ ಈಗ?" ಎಂದು ಗಿರಿಜಕ್ಕ ರಸ್ತೆಯ ಆಚೆಯಿಂದಲೇ ಕೂಗಿದಳು. ಪಕ್ಕದ ಮನೆಯವಳು, ತ್ರಾಸಿಯಲ್ಲಿ ಮೀನು ಮಾರುತ್ತಾಳೆ. ಅವಳು ಪಿಸುಗುಟ್ಟಿದರೂ ನದಿಯ ಆಚೆ ದಡಕ್ಕೆ ಕೇಳುತ್ತದೆ.

"ನಡೀತೆ ಅಷ್ಟೇ ಗಿರಿಜಕ್ಕ" ಎಂದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನನ್ನನ್ನು ನೋಡಿದರು. ಸಾಮಾನ್ಯವಾಗಿ ಜನ ನನ್ನನ್ನು ನೋಡಿದರೆ ನಾನು ಪುಸ್ತಕ ತೆರೆಯುತ್ತೇನೆ. ಆ ದಿನ ತೆರೆಯಲಿಲ್ಲ.

ಗಮನಿಸಬೇಕಾದದ್ದು ಎಷ್ಟೋ ಇತ್ತು. ಬೆಳಿಗ್ಗೆ ಹನ್ನೆರಡು ನೀರುದೋಸೆ ತಿಂದು ಹತ್ತೂವರೆಗೆ ಮತ್ತೆ ಹಸಿಯುತ್ತಿತ್ತು. "ಹೊಟ್ಟಿ ಒಳ್ಗೆ ಎಷ್ಟ್ ಜನ ಇದ್ರ್ ಹೆಣೆ?" ಎಂದು ಅಮ್ಮ ನಗುತ್ತ ಕಾವಲಿಗೆ ಇನ್ನೊಂದು ಹುಯ್ಯುತ್ತಿದ್ದಳು. "ಇಷ್ಟ್ ತಿಂದ್ರೂ ಸಪುರ. ಪುಣ್ಯ ಮಾಡಿದ್ದೆ ನೀ." ಉಳಿದವರೆಲ್ಲ ಸ್ವೆಟರ್ ಹಾಕಿದ ಬೆಳಿಗ್ಗೆ ನನಗೆ ಫ್ಯಾನ್ ಬೇಕಿತ್ತು. ಕಪ್ಪು ಹಲಗೆಯ ಮೇಲೆ ಕೈವಾರವಿಲ್ಲದೆ ತಪ್ಪಿಲ್ಲದ ವೃತ್ತ ಬರೆಯುವುದು ನನ್ನ ಒಂದೇ ಒಂದು ಪ್ರದರ್ಶನ ಕಲೆ. ಜನವರಿಯಲ್ಲಿ ಒಂದು ದಿನ ಆ ವೃತ್ತದ ಗೆರೆ ಅಲೆಅಲೆಯಾಗಿ ಬಂತು. ಹಿಂದಿನ ಬೆಂಚಿನಿಂದ ನಗು ಕೇಳಿಸಿತು, ನಾನೂ ನಕ್ಕೆ. ಮೆಟ್ಟಿಲು ಹತ್ತಿ ಸ್ಟಾಫ್ ರೂಮಿಗೆ ಬಂದರೆ ಎದೆಯ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಇದೆಲ್ಲ ವ್ಯಾಯಾಮ ಮೈಗೆ ಹಿಡಿಯುತ್ತಿರುವ ಲಕ್ಷಣ ಎಂದುಕೊಂಡೆ.

ಅದೇ ಹೊತ್ತಿಗೆ ಬೈಂದೂರಿನ ಒಂದು ಮನೆಯವರು ಮತ್ತೆ ಸುದ್ದಿ ಕಳಿಸಿದರು. ಮತ್ತೆ ಎನ್ನಲು ಕಾರಣವಿದೆ. ಎರಡು ವರ್ಷದ ಹಿಂದೆ ನನ್ನನ್ನು ನೋಡಿ ಹೋಗಿ, "ಹುಡ್ಗಿ ಲಾಯ್ಕ್ ಇತ್ತ್, ಒಂಚೂರ್ ತೋರ" ಎಂದು ಹೇಳಿ ಕಳಿಸಿದ್ದು ಅವರೇ. ಯಾವುದೋ ಮದುವೆಯಲ್ಲಿ ಹುಡುಗನ ತಾಯಿ ನನ್ನನ್ನು ಪುನಃ ಕಂಡಿದ್ದರಂತೆ. ಈ ಸಲ ಮಾತು ಬೇಗ ಮುಗಿದು ನಿಶ್ಚಿತಾರ್ಥಕ್ಕೆ ಮೇ ತಿಂಗಳಲ್ಲಿ ದಿನ ಗೊತ್ತಾಯಿತು. ಅಷ್ಟು ಸುಲಭವಾಗಿ ಯಾಕೆ ಒಪ್ಪಿದೆ ಎಂದು ಆಮೇಲೆ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಹುಡುಗನ ಮೇಲಿನ ಒಲವಿಗಿಂತ, ತಿರಸ್ಕರಿಸಿದವರೇ ತಿರುಗಿ ಬಂದರಲ್ಲ ಎಂಬ ಖುಷಿ ದೊಡ್ಡದಿತ್ತು.

ರವಿಕೆ ಹೊಲಿಯಲು ಕೊಡುವಾಗ ಟೈಲರಮ್ಮ ವಾಡಿಕೆಯಂತೆ ಕೇಳಿದರು: "ಒಳ್ಗೆ ಬಟ್ಟಿ ಬಿಡ್ಕಲ್ದಾ? ಮುಂದೆ ಬೇಕಾತ್ತ್." ಹೊಲಿಗೆಯ ಒಳಗೆ ಒಂದೂವರೆ ಇಂಚು ಬಟ್ಟೆ ಮಡಿಸಿ ಬಿಡದ ರವಿಕೆಯನ್ನು ನಮ್ಮೂರಲ್ಲಿ ಯಾರೂ ಹೊಲಿಸುವುದಿಲ್ಲ.

"ಬ್ಯಾಡ, ಕತ್ತರ್ಸಿ ಬಿಡಿ" ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಆಮೇಲೆ ಕತ್ತರಿಸಿದರು.

ಮಾರ್ಚ್ ಮೊದಲ ವಾರ, ತರಗತಿಯ ನಡುವೆ ಕುರ್ಚಿಯಲ್ಲಿ ಕುಳಿತೇ ನಾಡಿ ಎಣಿಸಿದೆ. ಸುಮ್ಮನೆ ಕೂತವಳಿಗೆ ನಿಮಿಷಕ್ಕೆ ನೂರ ಹದಿನೆಂಟು. ಲೆಕ್ಕ ತಪ್ಪಿರಬೇಕೆಂದು ಮತ್ತೆರಡು ಸಲ ಎಣಿಸಿದೆ. ನಾನು ಎಣಿಕೆಯಲ್ಲಿ ತಪ್ಪುವವಳಲ್ಲ. ಊರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ವರದಿ ನೋಡಿ, ಉಡುಪಿಯ ತಜ್ಞರಿಗೆ ಚೀಟಿ ಬರೆದರು.

ಉಡುಪಿಯ ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಎರಡೂ ಕೈಗಳನ್ನು ಮುಂದೆ ಚಾಚಲು ಹೇಳಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಗಾಳಿಗೆ ಸಿಕ್ಕಂತೆ ನಡುಗಿತು. ಕೋಣೆಯಲ್ಲಿ ಫ್ಯಾನ್ ತಿರುಗುತ್ತಿರಲಿಲ್ಲ.

"ತೂಕ ಎಷ್ಟು ಇಳಿದಿದೆ?"

"ಹದಿನಾಲ್ಕು ಕಿಲೋ. ನಡಿಗೆ ಶುರು ಮಾಡಿದ್ದೆ. ರಾತ್ರಿ ಅನ್ನ ಬಿಟ್ಟೆ." ನನ್ನ ದನಿಯಲ್ಲಿದ್ದ ಹೆಮ್ಮೆ ನನಗೇ ಕೇಳಿಸಿತು.

"ನಡಿಗೆ ಒಳ್ಳೆಯದೇ. ಆದರೆ ಇದು ನಡಿಗೆಯಿಂದ ಆದದ್ದಲ್ಲಮ್ಮ. ಥೈರಾಯ್ಡ್ ಅಗತ್ಯಕ್ಕಿಂತ ತುಂಬ ಹೆಚ್ಚು ಕೆಲಸ ಮಾಡ್ತಾ ಇದೆ. ನೀವು ಮಲಗಿದ್ದಾಗಲೂ ನಿಮ್ಮ ಹೃದಯ ಓಡ್ತಾ ಇದೆ."

ಒಂದೂವರೆ ವರ್ಷವಾದರೂ ಮಾತ್ರೆ, ಆರು ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಗಂಟಲು ನೋವು, ಜ್ವರ ಬಂದರೆ ಅದೇ ದಿನ ಬರಬೇಕು. ಸದ್ಯಕ್ಕೆ ವೇಗದ ನಡಿಗೆಯೂ ಬೇಡ. ಕೊನೆಗೆ ಅವರು ಹೇಳಿದರು: "ಹೋದ ತೂಕ ವಾಪಸು ಬರುತ್ತದೆ. ಅದು ಗುಣವಾಗುವ ಲಕ್ಷಣ. ಖುಷಿಪಡಿ."

ನನಗೆ ಖುಷಿಯಾಗಲಿಲ್ಲ. ಕಾಯಿಲೆಯ ಹೆದರಿಕೆಗಿಂತ ಮೊದಲು ಬಂದದ್ದು ಒಂದು ಕ್ಷುಲ್ಲಕ ಬೇಸರ. ಜೀವನದಲ್ಲಿ ಮೊದಲ ಸಲ ಮೈಯ ವಿಷಯದಲ್ಲಿ ನಾನು ಏನೋ ಸಾಧಿಸಿದೆ ಎಂದುಕೊಂಡಿದ್ದೆ, ಅದು ಕಾಯಿಲೆಯ ಕೆಲಸವಾಗಿತ್ತು.

ಹೊರಗೆ ಔಷಧಿಗೆ ಕಾಯುವಾಗ ಪಕ್ಕದಲ್ಲಿ ಬ್ರಹ್ಮಾವರದ ಒಬ್ಬ ಹೆಂಗಸು ಕುಳಿತಿದ್ದರು. ನನ್ನ ಜತೆ ಬಂದಿದ್ದ ಅಮ್ಮ ತಡೆಯಲಾರದೆ ಅವರಿಗೆ ಎಲ್ಲ ಹೇಳಿಬಿಟ್ಟಳು.

"ಥೈರಾಯ್ಡಾ? ನಂಗೂ ಅದೇ ಅಲ್ದಾ!" ಎಂದರು ಅವರು, ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ. "ನಂಗೆ ಕಾಣಿ, ನೀರ್ ಕುಡ್ದ್ರೂ ತೋರ ಆತ್ತ್. ನಿಮ್ಮ ಮಗ್ಳಿಗೆ ಯಾವ ನಮೂನಿ ಬಂದದ್ದ್? ನಂಗೆ ಆ ನಮೂನಿ ಬಪ್ಪುಕಾಗ್ದಿತ್ತಾ!"

ಅಮ್ಮ, ಅವರು ಇಬ್ಬರೂ ನಕ್ಕರು. ಸಪುರ ಮಾಡುವ ಕಾಯಿಲೆ ತನಗೆ ಬರಬಾರದಿತ್ತೇ ಎಂಬ ಅವರ ಮಾತು ತಮಾಷೆ, ಅರ್ಧ ನಿಜ ಕೂಡ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ.

ಬಸ್ಸು ಕೋಟ ದಾಟಿದ ಮೇಲೆ ಅಮ್ಮ ಮೆಲ್ಲಗೆ, "ಇದನ್ನ ಬೈಂದೂರಿನವ್ರಿಗೆ ಹೇಳ್ಕಾ ಮಗಾ?" ಎಂದಳು.

"ಬ್ಯಾಡ. ಮಾತ್ರೆ ತಿಂದ್ರೆ ಗುಣ ಆತ್ತಲ್ದಾ, ಎಂತಕ್ಕೆ ಹೇಳುದ್?" ಎಂದೆ.

ಐದು ವಾರ ನಿಯಮದಿಂದ ಮಾತ್ರೆ ತೆಗೆದುಕೊಂಡೆ. ಕೈ ನಡುಕ ನಿಂತಿತು. ನಿದ್ದೆ ಬಂತು, ಎಷ್ಟೋ ತಿಂಗಳಿಂದ ಅದು ಬರುತ್ತಿರಲಿಲ್ಲ ಎಂಬುದು ಬಂದ ಮೇಲೆ ತಿಳಿಯಿತು. ತೂಕ ಅರವತ್ತೆರಡಾಯಿತು. ಏಪ್ರಿಲ್ ಮಧ್ಯದಲ್ಲಿ ರವಿಕೆ ಹಾಕಿ ನೋಡಿದರೆ ಮೇಲಿನ ಎರಡು ಹುಕ್ಕು ಸೇರಲಿಲ್ಲ. ಒಳಗೆ ಬಿಚ್ಚಲು ಬಟ್ಟೆ ಇರಲಿಲ್ಲ.

ಮಾರನೆಯ ದಿನದಿಂದ ಮಾತ್ರೆ ನಿಲ್ಲಿಸಿದೆ.

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಕಾಲ ಯೋಚಿಸಿದ್ದೇನೆ. ನನ್ನ ವಿಷಯ ನಾನು ಸುಲಭವಾಗಿ ಹೇಳುವವಳಲ್ಲ. ಆದರೆ ಓದುವವರಲ್ಲಿ ಮಾತ್ರೆಯನ್ನು ಬಚ್ಚಿಟ್ಟವರು ಒಬ್ಬರಾದರೂ ಇರಬಹುದು, ಅವರಿಗಾಗಿ ಇದು ಇರಲಿ. ಹತ್ತೊಂಬತ್ತು ದಿನ, ಪ್ರತಿ ಬೆಳಿಗ್ಗೆ, ಅಮ್ಮನಿಗೆ ಕೇಳುವಂತೆ ನೀರು ಕುಡಿದು, ಮಾತ್ರೆಯನ್ನು ಹಳೆಯ ಕಂಪಾಸು ಪೆಟ್ಟಿಗೆಯಲ್ಲಿ ಹಾಕುತ್ತಿದ್ದೆ. ನಿಶ್ಚಿತಾರ್ಥದವರೆಗೆ ಮಾತ್ರ, ಆಮೇಲೆ ತಪ್ಪದೆ ತಿನ್ನುತ್ತೇನೆ ಎಂಬುದು ನನ್ನ ಯೋಜನೆ. ಗಣಿತ ಓದಿದವಳು ನಾನು. ಆದರೂ ಆ ಯೋಜನೆಯಲ್ಲಿ ಯಾವ ತಪ್ಪೂ ನನಗೆ ಕಾಣಲಿಲ್ಲ.

ಇಪ್ಪತ್ತನೆಯ ಬೆಳಿಗ್ಗೆ ಬಸ್ಸು ಬಂತೆಂದು ಹೆದ್ದಾರಿ ದಾಟಿ ಓಡಿದೆ. ಇಪ್ಪತ್ತು ಹೆಜ್ಜೆಯೂ ಆಗಿರಲಿಕ್ಕಿಲ್ಲ. ಕಾಲಿನಲ್ಲಿ ಮೂಳೆಯೇ ಇಲ್ಲದಂತಾಗಿ, ಕಡಲು ಕೊರೆಯದಂತೆ ಹಾಕಿದ ಕಲ್ಲುಗಳ ಮೇಲೆ ಕೂತುಬಿಟ್ಟೆ. ಎದೆಯೊಳಗೆ ಏನೋ ದಾರಿ ತಪ್ಪಿ ಬಡಿಯುತ್ತಿತ್ತು. ಎಣಿಸಲು ಹೋದೆ, ಎಣಿಸಲಾಗಲಿಲ್ಲ. ಬುಟ್ಟಿ ಇಳಿಸಿ ಓಡಿ ಬಂದ ಗಿರಿಜಕ್ಕ ನನ್ನನ್ನು ಮಗುವನ್ನು ಎತ್ತುವಂತೆ ಎತ್ತಿ ರಿಕ್ಷಾಕ್ಕೆ ಹಾಕಿದಳು. ಅವಳ ತೋಳಿನಲ್ಲಿ ಮೀನಿನ ವಾಸನೆ ಇತ್ತು. ಎಷ್ಟು ಗಟ್ಟಿಯಾದ ತೋಳು ಎಂದು ಆಗಲೂ ಅನಿಸಿದ್ದು ನೆನಪಿದೆ.

ಕುಂದಾಪುರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. "ಮಾತ್ರೆ ಸರಿಯಾಗಿ ತಗೊಳ್ತಾ ಇದ್ದೀರಾ?" ಎಂದು ಕೇಳಿದರು. ಹೌದು ಎಂದೆ. ಅಮ್ಮನೂ ಹೌದು ಎಂದಳು. ನನ್ನ ಪರವಾಗಿ, ನಂಬಿ.

ಮೂರನೆಯ ದಿನ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಕಂಪಾಸು ಪೆಟ್ಟಿಗೆ ತೆರೆದಿತ್ತು. ನನ್ನ ಬಟ್ಟೆ ತರಲು ಮನೆಗೆ ಬಂದಾಗ ಅಮ್ಮನ ಕಣ್ಣಿಗೆ ಬಿದ್ದಿತ್ತು. ಬೈಯಲಿ ಎಂದು ನಿಂತೆ. ಬೈಗುಳ ಬರಲಿಲ್ಲ.

"ಎಂತಕ್ಕೆ ಮಗಾ?"

"ತೋರ ಆತಿದ್ದೆ" ಎಂದೆ. ಮೂವತ್ತು ಮಕ್ಕಳ ಮುಂದೆ ಗಂಟೆಗಟ್ಟಲೆ ಮಾತಾಡುವ ನನಗೆ ಅದಕ್ಕಿಂತ ಹೆಚ್ಚಿನ ಕಾರಣ ಇರಲಿಲ್ಲ.

ಅಮ್ಮ ಸೆರಗು ಸರಿಸಿ, ಬುಟ್ಟಿಯ ಭಾರಕ್ಕೆ ಅಗಲವಾದ ಭುಜವನ್ನು ತಾನೇ ತಟ್ಟಿಕೊಂಡಳು. "ನಾ ಎಂಬತ್ತ್ ಕಿಲೋ ಇದ್ದೆ. ಈ ಮೈಯಂಗೇ ಬುಟ್ಟಿ ಹೊತ್ತದ್ದ್, ಈ ಮೈಯಂಗೇ ನಿನ್ನ ಹೆತ್ತದ್ದ್, ಓದ್ಸದ್ದ್. ಈ ಮೈಗೆ ಎಂತ ಆಯ್ತ್ ಅಂದ್ ಹೇಳ್ ಕಾಂಬ?"

ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ಅಮ್ಮ ಬಂದಾಗ ಗೆಳತಿಯರು ಅವಳ ಮೈ ನೋಡಿ ನಕ್ಕಾರೆಂದು ನಾನು ಗೇಟಿನಲ್ಲೇ ಮಾತಾಡಿಸಿ ಕಳಿಸಿದ್ದು ಇಬ್ಬರಿಗೂ ನೆನಪಿತ್ತು.

"ತಪ್ಪ್ ನಂದೂ ಇತ್ತ್" ಎಂದಳು ಕೊನೆಗೆ. "ಮೈ ಕರ್ಗ್ತಾ ಇಪ್ಪು ಹೊತ್ತಿಗೆ ಲಾಯ್ಕ್ ಆಯ್ತ್, ಲಾಯ್ಕ್ ಆಯ್ತ್ ಅಂದೆ. ತಾಯಿಯಾಯಿ ನಂಗೆ ಗೊತ್ತಾಯ್ಕಿತ್ತ್." ಆಗ ಅತ್ತದ್ದು ಅವಳು. ನಾನು ನೀರು ತಂದುಕೊಟ್ಟೆ. ಮಾತ್ರೆಯನ್ನು ಅವಳ ಕಣ್ಣೆದುರೇ ನುಂಗಿದೆ.

ಆ ಸಂಜೆ ಎರಡು ಕರೆ ಮಾಡಿದೆ. ಮೊದಲನೆಯದು ಉಡುಪಿಯ ಡಾಕ್ಟರಿಗೆ. ಹತ್ತೊಂಬತ್ತು ದಿನ ಎಂದು ಸರಿಯಾದ ಸಂಖ್ಯೆಯನ್ನೇ ಹೇಳಿದೆ. ಅವರು ಗದರಲಿಲ್ಲ. "ನನ್ನ ಹತ್ತಿರ ಹೀಗೆ ಹೇಳಿದವರು ನೀವು ಮೊದಲಿನವರಲ್ಲ. ಆದರೆ ತಾವಾಗಿ ಫೋನ್ ಮಾಡಿ ಹೇಳಿದವರು ಕಡಿಮೆ" ಎಂದರು. ಇಂಥ ಸಣ್ಣ ದಯೆಗಳು ಆ ವರ್ಷ ನನ್ನನ್ನು ನಡೆಸಿದವು.

ಎರಡನೆಯ ಕರೆ ಬೈಂದೂರಿಗೆ. ಹುಡುಗನ ತಾಯಿ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಮಾತ್ರೆ ಎಷ್ಟು ದಿನ, ಮಕ್ಕಳಾಗಲು ತೊಂದರೆ ಇದೆಯೇ ಎಂದು ಕೇಳಿದರು. ಅವು ತಾಯಿಯೊಬ್ಬಳು ಕೇಳಬಹುದಾದ ಪ್ರಶ್ನೆಗಳು. ಡಾಕ್ಟರು ಹೇಳಿದ್ದನ್ನು ಹೇಳಿದೆ. ಆಮೇಲೆ ಅವರು, "ಹಂಗಾರೆ ಮದಿ ಆದ್ಮೇಲೆ ಪುನ ಮುಂಚಿನ್ ಹಾಂಗೆ ತೋರ ಆತ್ಯಾ?" ಎಂದರು.

"ಹೌದ್. ಗುಣ ಆದ್ರೆ ತೋರ ಆತೆ" ಎಂದೆ.

ಆ ವಾಕ್ಯ ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ನಿಶ್ಚಿತಾರ್ಥದ ದಿನ ಮುಂದಕ್ಕೆ ಹೋಯಿತು, ಆಮೇಲೆ ಮಾತು ನಿಂತಿತು. ಹುಡುಗ ಒಂದು ಸಂದೇಶ ಕಳಿಸಿದ್ದರು. ಒಳ್ಳೆಯ ಮಾತೇ ಅದು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮುಂದಿನ ತಿಂಗಳುಗಳಲ್ಲಿ ಹೇಳುವಂಥ ಘಟನೆಗಳಿಲ್ಲ. ಮಾತ್ರೆ, ರಕ್ತ, ಬಸ್ಸು. ನನ್ನ ರಕ್ತನಾಳ ಸುಲಭಕ್ಕೆ ಸಿಗುವುದಿಲ್ಲವೆಂದು ಲ್ಯಾಬಿನ ಹುಡುಗಿ ಮೊದಲು ನನ್ನ ಅಂಗೈಯನ್ನು ತನ್ನ ಕೈಗಳ ನಡುವೆ ಹಿಡಿದು ಬಿಸಿ ಮಾಡುತ್ತಿದ್ದಳು. ಪ್ರಾಂಶುಪಾಲರು ಕಾರಣ ಕೇಳದೆ ನನ್ನ ತರಗತಿಗಳನ್ನು ಕೆಳಮಹಡಿಗೆ ಬದಲಾಯಿಸಿದರು. ಕೂದಲು ಉದುರಿತು, ಮತ್ತೆ ಬಂತು. ತೂಕ ಎಪ್ಪತ್ತೆರಡನ್ನು ದಾಟಿ ಎಪ್ಪತ್ತೈದಕ್ಕೆ ಹೋಗಿ ನಿಂತಿತು. ಊರಿನ ಜನ ತೋರ ಎಂಬ ಪದಕ್ಕೆ ಮರಳಿದರು. ಮೊದಮೊದಲು ನೋವಾಯಿತು, ಆಮೇಲೆ ಕಡಿಮೆಯಾಯಿತು. ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ.

ಚಿಕಿತ್ಸೆಯ ಹನ್ನೊಂದನೆಯ ತಿಂಗಳು ಡಾಕ್ಟರು ಹೇಳಿದರು: "ಎಲ್ಲ ಹತೋಟಿಯಲ್ಲಿದೆ. ಇನ್ನು ಧಾರಾಳ ವ್ಯಾಯಾಮ ಮಾಡಿ. ಇಷ್ಟವಾದದ್ದನ್ನು ಮಾಡಿ." ನನಗೆ ಯಾವುದು ಇಷ್ಟ ಎಂದು ಗೊತ್ತಿರಲಿಲ್ಲ. ಅದುವರೆಗೆ ಮಾಡಿದ್ದೆಲ್ಲ ಕಡಿಮೆಯಾಗಲೆಂದು ಮಾಡಿದ್ದು.

ಇದಕ್ಕೆ ಉತ್ತರ ಸಿಕ್ಕಿದ್ದು ಗಿರಿಜಕ್ಕನಿಂದ. ಕೊಕ್ಕರ್ಣೆಯಲ್ಲಿ ಹೆಂಗಸರ ಹಗ್ಗಜಗ್ಗಾಟವಂತೆ. ನಮ್ಮ ಕೇರಿಯಲ್ಲಿ ಏಳು ಜನ ಆಗಿದ್ದರು, ಎಂಟನೆಯವರು ಬೇಕಿತ್ತು.

"ಟೀಚರ್, ನಮ್ಗೆ ಕಡೆಗೆ ನಿಲ್ಲುಕೆ ಒಂದ್ ತೂಕದ್ ಜನ ಬೇಕ್. ನೀವ್ ಬತ್ರಿಯಾ?"

ಕಡೆಗೆ ನಿಲ್ಲುವವರೆಂದರೆ ಹಗ್ಗದ ತುದಿಯನ್ನು ಬೆನ್ನಿಗೆ ಸುತ್ತಿಕೊಂಡು ಇಡೀ ತಂಡದ ಲಂಗರಾಗುವವರು. ನನ್ನ ತೂಕವನ್ನು ಯಾರಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ಯೋಚಿಸಿ ಹೇಳುತ್ತೇನೆ ಎನ್ನುವುದು ನನ್ನ ಅಭ್ಯಾಸ. ಆ ದಿನ, "ಎಷ್ಟ್ ಗಂಟಿಗೆ ಬರ್ಕ್?" ಎಂದೆ.

ಸಂಜೆ ಐದಕ್ಕೆ ಕಡಲ ಬದಿಯ ಮರಳಿನಲ್ಲಿ ಅಭ್ಯಾಸ. ಚೂಡಿದಾರದ ಮೇಲೆ ಗಂಡಂದಿರ ಅಂಗಿ ತೊಟ್ಟ ಏಳು ಹೆಂಗಸರು, ಹಗ್ಗದ ಇನ್ನೊಂದು ತುದಿಗೆ ತೆಂಗಿನಮರ. ಮೊದಲ ದಿನ ತೆಂಗಿನಮರ ಗೆದ್ದಿತು. ಎಂಟು ಜನರೂ ಒಬ್ಬರ ಮೇಲೊಬ್ಬರು ಬಿದ್ದು, ನಗು ತಡೆಯಲಾರದೆ ಯಾರಿಗೂ ಏಳಲಾಗಲಿಲ್ಲ. ನೋಡಲು ಬಂದ ಅಮ್ಮನಿಗೆ ಸಹಿಸಲಾಗಲಿಲ್ಲ. ಅವಳು ಹುಡುಗಿಯಾಗಿದ್ದಾಗ ದಡದಿಂದ ಎಳೆಯುವ ಕೈರಂಪಣಿ ಬಲೆಗೆ ಕೈ ಹಾಕಿದವಳು.

"ಕೈಯಂಗ್ ಎಳೂದಲ್ದೇ! ಕೈ ಹಿಡೂಕೆ ಮಾತ್ರ. ಕುಂಡಿ ಅಡಿಗ್ ಬಿಡಿ, ಹಿಮ್ಮಡಿ ಹುಗೀರಿ" ಎಂದು ಊರುಗೋಲಿನಿಂದ ಮರಳು ತೋಡಿ ತೋರಿಸಿದಳು. "ಅಲಿ ಬಪ್ಪತ್ತಿಗೆ ಎಳೂದ್, ಹೋಪತ್ತಿಗೆ ಹಿಡ್ಕಂಡ್ ನಿಲ್ಲುದ್. ಅವ್ರ್ ಎಳೂದೇ ಹೋಪ ಅಲಿ. ಆವಾಗ ಸುಮ್ನೆ ಕೂಕಣಿ. ಅವ್ರ್ ಉಸ್ರ್ ತೆಗಿತ್ರಲೆ, ಆಗ ಐಸಾ!"

ಅಲೆ ಬಲೆಯನ್ನು ದಡಕ್ಕೆ ತಳ್ಳುವಾಗ ಎಳೆಯಬೇಕು, ಹಿಂದೆ ಸರಿಯುವಾಗ ಹಿಡಿದು ನಿಲ್ಲಬೇಕು. ಹಾಗೆಯೇ ಎದುರಿನವರು ಎಳೆಯುವಾಗ ಕೂತು, ಅವರು ಉಸಿರು ತೆಗೆಯುವಾಗ ಐಸಾ ಎಂದು ಒಟ್ಟಿಗೆ ಜಗ್ಗಬೇಕು. ಕೋನ, ಘರ್ಷಣೆ ಎಂದು ನಾನು ಮನಸ್ಸಿನಲ್ಲೇ ಮಾಡುತ್ತಿದ್ದ ಲೆಕ್ಕಕ್ಕಿಂತ ಇದು ಚೆನ್ನಾಗಿತ್ತು. ಎರಡು ತಿಂಗಳಲ್ಲಿ ನನ್ನ ತೊಡೆಗಳು ಗಟ್ಟಿಯಾದವು, ಮೀನಖಂಡ ಉಬ್ಬಿತು, ಅಂಗೈಯಲ್ಲಿ ಜಡ್ಡು ಕಟ್ಟಿತು. ತೂಕ ಅರ್ಧ ಕಿಲೋ ಕೂಡ ಇಳಿಯಲಿಲ್ಲ. ಮೆಟ್ಟಿಲು ಹತ್ತಿದರೆ ಎದೆಯ ಸದ್ದು ಕೇಳುತ್ತಿರಲಿಲ್ಲ. ದಿನದಲ್ಲಿ ನಾನು ಕಾಯುತ್ತಿದ್ದ ಗಂಟೆ ಅದೊಂದೇ.

ಭಾನುವಾರ, ಕೊಕ್ಕರ್ಣೆಯ ಕೊಯ್ದ ಗದ್ದೆ. ಬೆಳಗಿನ ಬಿಸಿಲು. ಎದುರು ತಂಡದವರು ಗದ್ದೆ ಕೆಲಸ ಮಾಡಿ ಪಳಗಿದ ಹೆಂಗಸರು. ಶಿಳ್ಳೆ ಬಿದ್ದೊಡನೆ ನಮ್ಮನ್ನು ಎರಡು ಅಡಿ ಎಳೆದೇಬಿಟ್ಟರು. ಹಿಮ್ಮಡಿಯ ಅಡಿಯಲ್ಲಿ ಒಣಗಿದ ಕೂಳೆ ಮುರಿಯುವುದು ತಿಳಿಯುತ್ತಿತ್ತು. ಹಗ್ಗ ಬೆನ್ನನ್ನು ಕೊಯ್ಯುತ್ತಿತ್ತು. ನಾನು ಕೂತೆ. ಎಪ್ಪತ್ತೈದು ಕಿಲೋವನ್ನೂ ಒಂದು ಗ್ರಾಮ್ ಬಿಡದೆ ಮಣ್ಣಿಗೆ ಕೊಟ್ಟು ಕೂತೆ. ಹಗ್ಗ ನಿಂತಿತು.

"ಕಡೇ ಜನ ಕಾಣಿ, ಕಡೇ ಜನ!" ಎಂದು ಮೈಕಿನವನು ಕೂಗಿದ. "ಲೈಟ್ ಕಂಬ ಹುಗ್ದಾಂಗೆ ಕೂತಿದ್ರ್ ಕಾಣಿ!"

ಗದ್ದೆಯ ಅಂಚಿನ ಜನವೆಲ್ಲ ನನ್ನನ್ನೇ ನೋಡಿದರು. ನೋಡಲಿ ಎನಿಸಿತು. ಎದುರಿನ ತಂಡ ಉಸಿರು ತೆಗೆಯುವುದು ಹಗ್ಗದಲ್ಲೇ ಗೊತ್ತಾಯಿತು. ಅಷ್ಟರಲ್ಲಿ ಬದಿಯಿಂದ ಅಮ್ಮನ ದನಿ: "ಐಸಾ!"

ಆ ಪಂದ್ಯ ಗೆದ್ದೆವು. ಫೈನಲಿನಲ್ಲಿ ಸೋತೆವು, ಅದೂ ಮೂರನೆಯ ಎಳೆತದಲ್ಲಿ. ಒಂದು ಬಾಳೆಗೊನೆ ಬಹುಮಾನ. ಮೈತುಂಬ ಮಣ್ಣಿನಲ್ಲಿ ಎಂಟು ಜನರೂ ಫೋಟೋಕ್ಕೆ ನಿಂತೆವು. ನಾನು ತುದಿಯಲ್ಲಿದ್ದೇನೆ, ಹಗ್ಗವನ್ನು ಭುಜಕ್ಕೆ ಹಾಕಿಕೊಂಡು, ಬಾಯಿ ತೆರೆದು ನಗುತ್ತ. ತೋಳುಗಳು ದಪ್ಪ ಕಾಣುತ್ತವೆ. ಅಮ್ಮನ ತೋಳಿನ ಹಾಗೇ ಇವೆ.

ಮರುದಿನ ಬೆಳಿಗ್ಗೆ ಮಾತ್ರೆ ನುಂಗುತ್ತಿರುವಾಗ ಅಮ್ಮನ ತಂಗಿ, ನನ್ನ ಚಿಕ್ಕಿಯ ಸಂದೇಶ ಬಂತು. ಬ್ರಹ್ಮಾವರದ ಕಡೆ ಒಂದು ಸಂಬಂಧವಿದೆಯಂತೆ, ಜಾತಕದ ಜತೆ ವಿವರದ ಹಾಳೆ ಬೇಕಂತೆ: "ಫೋಟೋ ಹೋದ್ವರ್ಷದ್ದೇ ಹಾಕ್ ಹೆಣೆ, ಸಪುರ ಇಪ್ಪುದ್." ಕಂಪ್ಯೂಟರ್ ತೆರೆದೆ. ಹಾಳೆಯಲ್ಲಿದ್ದ, ಹೋದ ವರ್ಷದ ಹಸಿರು ಸೀರೆಯ ಫೋಟೋ ತೆಗೆದು ಕೊಕ್ಕರ್ಣೆಯ ಫೋಟೋದಲ್ಲಿ ನಾನಿರುವಷ್ಟನ್ನು ಕತ್ತರಿಸಿ ಹಾಕಿದೆ. ಯಾವಾಗಲೂ ಖಾಲಿ ಬಿಡುತ್ತಿದ್ದ ತೂಕದ ಮುಂದೆ ಎಪ್ಪತ್ತೈದು ಎಂದು ಬರೆದೆ. ಆರೋಗ್ಯದ ಮುಂದೆ ಥೈರಾಯ್ಡಿಗೆ ಚಿಕಿತ್ಸೆ ನಡೆಯುತ್ತಿದೆ, ಹತೋಟಿಯಲ್ಲಿದೆ ಎಂದು ಬರೆದೆ. ಹವ್ಯಾಸದ ಮುಂದೆ ಓದು ಎಂದಷ್ಟೇ ಇತ್ತು. ಅಲ್ಪವಿರಾಮ ಹಾಕಿ ಹಗ್ಗಜಗ್ಗಾಟ ಎಂದು ಸೇರಿಸಿದೆ. ಒಮ್ಮೆ ಓದಿ, ಕಾಗುಣಿತ ನೋಡಿ, ಚಿಕ್ಕಿಗೆ ಕಳಿಸಿ ಬಸ್ಸಿಗೆ ಹೊರಟೆ.